ಸರತಿಯ ಸಾಲಿನಲ್ಲಿ ಒಂದು ತಲೆಮಾರು

ಬಿಡದಿ ಎಂದೊಡನೆ ಹೊರಗಿನವರಿಗೆ ತಟ್ಟೆ ಇಡ್ಲಿಯ ನೆನಪಾಗುವುದು. ತುಸು ಹೆಚ್ಚು ಬಲ್ಲವರಿಗೆ 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆ. ಈಚೆಗೆ ಇಲ್ಲಿಯ ಹಿರಿಯರ ಮಾತಿನಲ್ಲಿ, ರಾಗಿಯ ಧಾರಣೆ ಮತ್ತು ರೇಷ್ಮೆಗೂಡಿನ ಬೆಲೆಗಳ ನಡುವೆ, ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: “ಈ ತಿಂಗಳು ತಾರೀಖು ಮುಂದಕ್ಕೆ ಹೋಯಿತೇನು?”

ಈ ತಾರೀಖು ಪಂಚಾಂಗದ್ದಲ್ಲ. ಅಮೆರಿಕೆಯಲ್ಲಿ ಕಾಯಂ ನಿವಾಸದ ಹಕ್ಕನ್ನು, ಎಂದರೆ ಗ್ರೀನ್ ಕಾರ್ಡನ್ನು, ಬಯಸಿ ಅರ್ಜಿ ಹಾಕಿದವರ ಪೈಕಿ ಯಾವ ದಿನದವರೆಗಿನವರ ಸರತಿ ಬಂದಿದೆ ಎಂಬುದನ್ನು ಆ ದೇಶದ ವಿದೇಶಾಂಗ ಇಲಾಖೆಯು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಆ ತಾರೀಖು ಕೆಲವೊಮ್ಮೆ ಮುಂದೆ ಸರಿಯುವುದು, ಕೆಲವೊಮ್ಮೆ ನಿಲ್ಲುವುದು, ಹಿಂದಕ್ಕೆ ಜಾರುವುದೂ ಉಂಟು. ನೌಕರಿಯ ಮಾರ್ಗವಾಗಿ ಹೋದ ಭಾರತೀಯರಲ್ಲಿ 2025ರಲ್ಲಿ ಸರತಿ ಬಂದವರು ಬಹುಮಟ್ಟಿಗೆ 2012–13ರಲ್ಲಿ ಸಾಲು ಹಿಡಿದಿದ್ದವರು.

ಇದೇಕೆ ಹೀಗೆ ಎಂದು ವಾಚಕರು ಕೇಳಬಹುದು. 1946ಕ್ಕೆ ಮೊದಲು ಭಾರತೀಯರಿಗೆ ಅಲ್ಲಿ ನೆಲೆಯೂರಲು ದಾರಿಯೇ ಇಲ್ಲವೆನ್ನಬೇಕು. ಆ ವರ್ಷದ ಶಾಸನವು ಇಡೀ ಭಾರತಕ್ಕೆ ವರ್ಷಕ್ಕೆ 100 ಸ್ಥಾನಗಳನ್ನು ದಯಪಾಲಿಸಿತು. 1965ರ ಕಾಯಿದೆಯು ಹುಟ್ಟಿದ ದೇಶವನ್ನು ನೋಡಿ ಹೆಚ್ಚು ಕಡಿಮೆ ಮಾಡುತ್ತಿದ್ದ ಹಳೆಯ ಪದ್ಧತಿಯನ್ನು ಕಿತ್ತುಹಾಕಿ, ಬಂಧುತ್ವ ಮತ್ತು ಉದ್ಯೋಗ ಎಂಬ ಎರಡು ಬಾಗಿಲುಗಳನ್ನು ತೆರೆಯಿತು. 1990ರ ಕಾಯಿದೆಯು ಉದ್ಯೋಗದ ಬಾಗಿಲಿಗೆ ವರ್ಷಕ್ಕೆ 1,40,000 ಸ್ಥಾನಗಳನ್ನು ನಿಗದಿ ಮಾಡಿತು. ನೌಕರನಷ್ಟೇ ಅಲ್ಲ, ಅವನ ಹೆಂಡತಿ ಮಕ್ಕಳೂ ಆ ಲೆಕ್ಕಕ್ಕೇ ಸೇರತಕ್ಕವರು. ಜೊತೆಗೆ, ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಕಟ್ಟಳೆ. ಐಸ್‌ಲೆಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಸಮಾನತೆಯ ಹೆಸರಿನಲ್ಲಿ ಆನೆಗೂ ಇರುವೆಗೂ ಒಂದೇ ಅಳತೆಯ ತುತ್ತು!

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಲೆಕ್ಕ ಹಿಡಿಯುವುದು ಪೌರತ್ವವನ್ನಲ್ಲ, ಜನ್ಮಸ್ಥಳವನ್ನು. ಬಿಡದಿಯಲ್ಲಿ ಹುಟ್ಟಿದ ಅಣ್ಣ ಭಾರತದ ಉದ್ದನೆಯ ಸಾಲಿನಲ್ಲಿ ನಿಲ್ಲಬೇಕು. ತಂದೆ ಕುವೈತಿನಲ್ಲಿ ದುಡಿಯುತ್ತಿದ್ದಾಗ ಅಲ್ಲಿ ಹುಟ್ಟಿದ ತಮ್ಮ ಕುವೈತಿನ ಗಿಡ್ಡ ಸಾಲಿನಲ್ಲಿ ದಾಟಿಹೋಗಬಹುದು. ಬೇರೆ ದೇಶದಲ್ಲಿ ಹುಟ್ಟಿದ ಪತ್ನಿಯಿದ್ದರೆ ಅವಳ ಜನ್ಮದೇಶದ ಲೆಕ್ಕದಲ್ಲಿ ಪತಿಯೂ ಸೇರಬಹುದು. ನಮ್ಮ ಜೋಯಿಸರಿಗೆ ಈ ಸಂಗತಿ ಇನ್ನೂ ತಿಳಿದಂತಿಲ್ಲ. ತಿಳಿದರೆ ಜಾತಕದಲ್ಲಿ ಹನ್ನೊಂದನೆಯ ಕೂಟವೊಂದು ಹುಟ್ಟಿಕೊಳ್ಳುವುದರಲ್ಲಿ ಸಂಶಯವಿಲ್ಲ.

ಸಾಲಿನಲ್ಲಿರುವವನ ಬದುಕು ಹೇಗಿರುತ್ತದೆ? ಎಚ್-1ಬಿ ಎಂಬ ಉದ್ಯೋಗ ವೀಸಾ ಸಾಮಾನ್ಯವಾಗಿ ಆರು ವರ್ಷದ್ದು. 2000ದ ಕಾಯಿದೆಯ ಕೃಪೆಯಿಂದ, ಮಾಲೀಕನ ಅರ್ಜಿ ಮಂಜೂರಾಗಿದ್ದರೆ ಮೂರು ಮೂರು ವರ್ಷ ಮುಂದುವರಿಸಿಕೊಳ್ಳಬಹುದು. ಮಾಲೀಕನನ್ನು ಬದಲಿಸಿದರೆ ಹಳೆಯ ತಾರೀಖು ಉಳಿಯುತ್ತದೆ, ಆದರೆ ಕಾಗದಪತ್ರಗಳ ಯಾಗವನ್ನು ಮೊದಲಿನಿಂದ ಮಾಡಬೇಕು. ಕೆಲಸ ಹೋಯಿತೋ, ಹೊಸದನ್ನು ಹುಡುಕಲು 60 ದಿನ. ಮನೆ ಕೊಂಡಿರುತ್ತಾನೆ, ತೆರಿಗೆ ಕಟ್ಟುತ್ತಿರುತ್ತಾನೆ, ಮಕ್ಕಳು ಅಲ್ಲಿಯ ಶಾಲೆಯಲ್ಲಿ ಓದುತ್ತಿರುತ್ತಾರೆ. ಆದರೂ ಅವನ ಕಾಲ ಕೆಳಗಿನ ನೆಲ ಬಾಡಿಗೆಯದು.

ನನಗೆ ಅತ್ಯಂತ ಕ್ರೂರವೆಂದು ತೋರುವುದು ಮಕ್ಕಳ ವಿಷಯ. ಎರಡು ವರ್ಷದ ಕೂಸಾಗಿ ಇಲ್ಲಿಂದ ಹೋದ ಹುಡುಗಿ, ತಂದೆಯ ಸರತಿ ಬರುವ ಮುನ್ನ 21 ತುಂಬಿದರೆ ಕಾಯಿದೆಯ ದೃಷ್ಟಿಯಲ್ಲಿ ‘ಮಗು’ವಲ್ಲ. ಅರ್ಜಿಯು ಪರಿಶೀಲನೆಯಲ್ಲಿದ್ದ ಕಾಲವನ್ನು ವಯಸ್ಸಿನಿಂದ ಕಳೆಯಲು 2002ರ ಕಾಯಿದೆಯೊಂದು ಅವಕಾಶ ಕೊಟ್ಟಿದೆ. ಸರತಿಗಾಗಿ ಕಾದ ಕಾಲವನ್ನಲ್ಲ. ಅವಳು ವಿದ್ಯಾರ್ಥಿ ವೀಸಾ ಪಡೆದು ತಾನು ಬೆಳೆದ ಊರಿನಲ್ಲಿಯೇ ಪರದೇಶಿಯಾಗಬೇಕು, ಇಲ್ಲವೇ ಕನ್ನಡವನ್ನು ತೊದಲುತ್ತ ಅಜ್ಜಿಯ ಮನೆಗೆ ಮರಳಬೇಕು. ಅದೇ ಮನೆಯಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ಅವಳ ತಮ್ಮ ಹುಟ್ಟಿನಿಂದಲೇ ಪೌರನೆನಿಸಿರುತ್ತಾನೆ.

ಬಂಧುತ್ವದ ಬಾಗಿಲು ಸುಲಭವೆಂದು ಭಾವಿಸುವವರುಂಟು. ಪೌರನಾದ ಮಗ ತಂದೆತಾಯಿಗಳನ್ನು ಕರೆಸಿಕೊಳ್ಳಲು ಸಂಖ್ಯೆಯ ಮಿತಿಯಿಲ್ಲ, ನಿಜ. ಆದರೆ ಪೌರನಾಗಬೇಕಾದರೆ ಗ್ರೀನ್ ಕಾರ್ಡ್ ದೊರೆತ ಮೇಲೆ ಸಾಮಾನ್ಯವಾಗಿ ಐದು ವರ್ಷ ಕಳೆಯಬೇಕು. ಮೂವತ್ತರಲ್ಲಿ ಹೋದವನು ತಾಯಿಯನ್ನು ಕರೆಸುವ ಹೊತ್ತಿಗೆ ತಾನೇ ಐವತ್ತನ್ನು ಸಮೀಪಿಸಿರುತ್ತಾನೆ. ಇನ್ನು ಒಡಹುಟ್ಟಿದವರ ವರ್ಗಕ್ಕೆ ಜಗತ್ತಿಗೆಲ್ಲ ಸೇರಿ ವರ್ಷಕ್ಕೆ 65,000 ಸ್ಥಾನಗಳು. ಅಕ್ಕ ತಂಗಿಗಾಗಿ ಅರ್ಜಿ ಹಾಕಿ ಹದಿನೈದು ವರ್ಷಕ್ಕೂ ಮೀರಿ ಕಾಯುವಷ್ಟರಲ್ಲಿ ತಂಗಿಗೆ ಸೊಸೆ ಬಂದಿರುತ್ತಾಳೆ. ಬೇಸತ್ತವರು ಕೆನಡಾದತ್ತ ನೋಡುತ್ತಾರೆ. ಅಲ್ಲಿ 1967ರಿಂದ ಅಂಕಗಳ ಪದ್ಧತಿ. ಆದರೆ ಮೂವತ್ತು ದಾಟಿದವನಿಗೆ ವರ್ಷ ವರ್ಷಕ್ಕೂ ವಯಸ್ಸಿನ ಅಂಕ ಇಳಿಯುತ್ತದೆ. ಅಧ್ಯಾಪಕನಾದ ನಾನೂ ಅಷ್ಟು ನಿಷ್ಠುರವಾಗಿ ಅಂಕ ಕಳೆದವನಲ್ಲ.

ಮಗ ಅಲ್ಲಿ ಕಾಯುತ್ತಿರುವಾಗ ಇಲ್ಲಿಯವರು ಮಾಡಬಹುದಾದ ಕೆಲಸವೊಂದಿದೆ. ಸರತಿ ಬಂದ ದಿನ ಜನನದ ದಾಖಲೆಯನ್ನು ಕೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮನೆಯಲ್ಲಿಯೇ ಹುಟ್ಟಿದ ಅನೇಕರ ಹೆಸರು ರಿಜಿಸ್ಟರಿನಲ್ಲಿ ಇರುವುದಿಲ್ಲ. ಜನ್ಮದಿನವು ಶಾಲೆಗೆ ಸೇರಿಸುವಾಗ ಹೆಡ್ಮಾಸ್ತರರು ಅನುಗ್ರಹಿಸಿದ್ದಾಗಿರುತ್ತದೆ. ಹೆಸರಿನ ಗೊಂದಲ ಬೇರೆ. ನಮ್ಮವರಿಗೆ ಕುಲನಾಮವಿಲ್ಲ, ತಂದೆಯ ಹೆಸರಿನ ಒಂದಕ್ಷರವೇ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದ್ದರೆ, ಅಮೆರಿಕೆಯ ವೀಸಾದಲ್ಲಿ ಇದ್ದ ಹೆಸರು ಕುಲನಾಮವಾಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಎಂದರೆ ‘ಹೆಸರು ತಿಳಿಯದು’ ಎಂದು ಅಚ್ಚಾಗುತ್ತದೆ. ಶಾಸ್ತ್ರೋಕ್ತವಾಗಿ ನಾಮಕರಣವಾದವನಿಗೆ ಈ ಗತಿ!

ಜನನ ದಾಖಲೆ ಇಲ್ಲದವರು, ದಾಖಲೆ ಲಭ್ಯವಿಲ್ಲವೆಂಬ ಪತ್ರವನ್ನು ಅಧಿಕಾರಿಗಳಿಂದ ಪಡೆದು, ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿಯೊಡನೆ, ಹುಟ್ಟನ್ನು ಬಲ್ಲ ಹಿರಿಯರಿಬ್ಬರ ಪ್ರಮಾಣಪತ್ರಗಳನ್ನು ಒದಗಿಸುವುದು ರೂಢಿ. ಸರತಿ ಬರಲಿ, ಆಮೇಲೆ ನೋಡೋಣ ಎನ್ನುವ ತಂದೆಯರಿಗೆ ನಾನು ಹೇಳುವುದು ಇಷ್ಟೆ: ಮಗ ಹುಟ್ಟಿದ ರಾತ್ರಿ ಬಿಸಿನೀರು ಕಾಯಿಸಿದ ಸೋದರತ್ತೆಗೆ ಈಗ ಎಂಬತ್ತು ದಾಟಿದೆ, ಆಕೆಯ ಸಹಿಯನ್ನು ಈ ವಾರವೇ ಹಾಕಿಸಿಡಿ.