ದಡ ಕಾಣದ ಗೆಳೆತನ

ನಮ್ಮ ಅದಿಯಮಾನ್‌ಕೋಟೆಯವರಿಗೆ ಸ್ನೇಹದ ಮಾತು ಹೊಸತಲ್ಲ. ದೀರ್ಘಾಯುಸ್ಸು ಕೊಡುವುದೆಂಬ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವ್ವೆಗಿತ್ತ ಅದಿಯಮಾನನ ಹೆಸರನ್ನೇ ಈ ಊರು ಹೊತ್ತಿದೆ. ಆದರೆ ಕಡಲು ನಮಗೆ ದೂರ. ನೀರಿನ ಭಯವನ್ನು ನಾವು ಅರಿತಿರುವುದು ಹೊಗೇನಕಲ್ಲಿನ ಹರಿಗೋಲಿನಲ್ಲಿ. ಅದೂ ದಡವು ಕಣ್ಣೆದುರಿಗೆ ಇರುವಾಗ. ದಡವೇ ಕಾಣದ ಕಡೆ ಜೊತೆಗಾರರ ಪಾಡೇನೆಂಬುದಕ್ಕೆ ಮಲ್ಪೆಯ ಪ್ರಸಂಗವೊಂದನ್ನು ವಾಚಕರ ಮುಂದಿಡುತ್ತೇನೆ.

2018ರ ಡಿಸೆಂಬರ್ 13ರಂದು ‘ಸುವರ್ಣ ತ್ರಿಭುಜ’ವೆಂಬ ಮೀನುಗಾರಿಕಾ ಬೋಟು ಮಲ್ಪೆ ಬಂದರನ್ನು ಬಿಟ್ಟಿತು. ಅದರಲ್ಲಿದ್ದವರು ಏಳು ಮಂದಿ; ಇಬ್ಬರು ಮಲ್ಪೆಯ ಕಡೆಯವರು, ಐವರು ಉತ್ತರ ಕನ್ನಡದವರು. ಆಳಸಮುದ್ರದ ಬೋಟುಗಳು ಮಂಜುಗಡ್ಡೆ, ಡೀಸೆಲ್, ಅಕ್ಕಿಗಳನ್ನು ತುಂಬಿಕೊಂಡು ಹತ್ತು ಹನ್ನೆರಡು ದಿನ ನೀರಿನ ಮೇಲೆಯೇ ಕಳೆಯುವುದುಂಟು. ಅಲ್ಲಿ ನೆರೆಮನೆಯೆಂದರೆ ನೆರೆಯ ಬೋಟು. ಕೂಗಿದರೆ ಓಗೊಡುವುದು ವಯರ್‌ಲೆಸ್. ಆ ಧ್ವನಿಯಾದರೂ ಭೂಮಿಯ ಬಾಗನ್ನು ದಾಟಿ ಹೆಚ್ಚು ದೂರ ಹೋಗಲಾರದು. ಡಿಸೆಂಬರ್ ಮಧ್ಯದ ಒಂದು ರಾತ್ರಿಯ ಬಳಿಕ ‘ಸುವರ್ಣ ತ್ರಿಭುಜ’ ಓಗೊಡಲಿಲ್ಲ.

ಆ ಏಳು ಮಂದಿ ಎಷ್ಟು ಹೊತ್ತು ಹೋರಾಡಿದರೋ, ಯಾರು ಯಾರ ಕೈ ಹಿಡಿದರೋ, ಹೇಳಲು ಒಬ್ಬರೂ ಮರಳಲಿಲ್ಲ. ದಡದಲ್ಲಿದ್ದ ಒಡನಾಡಿಗಳು ಮಾತ್ರ ಸುಮ್ಮನಾಗಲಿಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಮಲ್ಪೆಯಿಂದ ಅಂಬಲಪಾಡಿಯವರೆಗೆ ನಡೆದು ಹೆದ್ದಾರಿಯನ್ನು ತಡೆದರು. ದಾರಿಹೋಕರಿಗೆ ತೊಂದರೆಯಾಯಿತೆಂಬುದು ನಿಜ; ಆದರೆ ಕಾಣೆಯಾದವನಿಗಾಗಿ ಕೂಗುವವರಿಲ್ಲದಿದ್ದರೆ ಕಡತವು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಡೆಗೆ ನೌಕಾಪಡೆಯ ‘ನಿರೀಕ್ಷಕ್’ ಹಡಗು ಶೋಧಕ್ಕೆ ಹೊರಟಾಗ ಮಲ್ಪೆಯ ಮೀನುಗಾರರೂ ಅದನ್ನೇರಿದರು. ಮೇ ತಿಂಗಳ ಮೊದಲಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ ಸುಮಾರು 60 ಮೀಟರ್ ಆಳದಲ್ಲಿ, ಬೋಟಿನ ಅವಶೇಷ ಸಿಕ್ಕಿತು. ನಾಲ್ಕೂವರೆ ತಿಂಗಳು ಬಾಗಿಲಲ್ಲಿ ದೀಪವಿಟ್ಟು ಕಾದ ಮನೆಯವರಿಗೆ ಅದು ಸಮಾಧಾನವೆಂದು ನಾನು ಹೇಳಲಾರೆ. ಅನಿಶ್ಚಯವಾದರೂ ಕೊನೆಗೊಂಡಿತು, ಅಷ್ಟೆ.

ಬೋಟು ಎಲ್ಲಿದೆಯೆಂದು ಉಪಗ್ರಹದ ಮೂಲಕ ತಾನೇ ತಿಳಿಸುವ ಟ್ರಾನ್ಸ್‌ಪಾಂಡರ್ ಉಪಕರಣವನ್ನು ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ದೊರೆಯಿತು. ಆಪತ್ತಿನಲ್ಲಿ ಒಂದು ಗುಂಡಿಯನ್ನೊತ್ತಿದರೆ ಸಾಕು, ಸುದ್ದಿ ದಡ ಮುಟ್ಟುತ್ತದೆ. ವಯರ್‌ಲೆಸ್ಸಿನ ಧ್ವನಿ ನಿಲ್ಲುವ ದೂರದಿಂದಲೂ ಮುಟ್ಟುತ್ತದೆ.