ಯಾವ ವಯಸ್ಸಿಗೆ ಯಾವ ಸತ್ಯ

1919ರಲ್ಲಿ ಡಬ್ಲ್ಯು. ಇ. ಬಿ. ಡುಬಾಯ್ಸ್ ತಾವು ಸಂಪಾದಿಸುತ್ತಿದ್ದ ‘ದ ಕ್ರೈಸಿಸ್’ ಪತ್ರಿಕೆಯಲ್ಲಿ ಹನ್ನೆರಡು ವರ್ಷದ ಒಬ್ಬ ಕಪ್ಪು ಹುಡುಗಿಯ ಪತ್ರದ ಬಗ್ಗೆ ಬರೆದರು. ಬಿಳಿಯರು ತನ್ನನ್ನು ಎಷ್ಟು ದ್ವೇಷಿಸುತ್ತಾರೋ ತಾನೂ ಅವರನ್ನು ಅಷ್ಟೇ, ಬಹುಶಃ ಇನ್ನೂ ಹೆಚ್ಚು ದ್ವೇಷಿಸುತ್ತೇನೆ ಎಂದಿದ್ದಳು ಅವಳು. ಅಮೆರಿಕದಲ್ಲಿ ಕಪ್ಪು ಜನರನ್ನು ಗುಂಪುಗಳು ಹಿಡಿದು ಕೊಲ್ಲುತ್ತಿದ್ದ ಸುದ್ದಿಗಳನ್ನು ತಪ್ಪದೆ ಅಚ್ಚು ಹಾಕುತ್ತಿದ್ದ ಪತ್ರಿಕೆ ಅದು. ಮಕ್ಕಳೂ ಅದನ್ನು ಓದುತ್ತಿದ್ದರು. ಡುಬಾಯ್ಸ್ ಇಕ್ಕಟ್ಟಿಗೆ ಸಿಕ್ಕಿದರು. ತಾವು ಯಾರು, ತಮ್ಮ ಸ್ಥಿತಿ ಏನು ಎಂಬುದನ್ನು ಮುಚ್ಚಿಟ್ಟು ಆ ಮಕ್ಕಳನ್ನು ಬೆಳೆಸುವುದು ಸಾಧ್ಯವೇ ಇಲ್ಲ. ಹಾಗಂತ ದ್ವೇಷವನ್ನೇ ಉಣಿಸಿ ಬೆಳೆಸಿದರೆ, ಆ ದ್ವೇಷಕ್ಕೆ ಗುರಿಯಾದವರಿಗಿಂತ ಹೆಚ್ಚಿನ ಅನಾಹುತ ಆ ಮಕ್ಕಳಿಗೇ. 1920ರ ಜನವರಿಯಲ್ಲಿ ಅವರು ಲೇಖಕಿ ಜೆಸ್ಸಿ ಫೋಸೆಟ್ ಜೊತೆಗೂಡಿ ಕಪ್ಪು ಮಕ್ಕಳಿಗಾಗಿ ‘ದ ಬ್ರೌನೀಸ್ ಬುಕ್’ ಎಂಬ ಮಾಸಪತ್ರಿಕೆ ತಂದರು. ಅದು ನಡೆದದ್ದು ಎರಡೇ ವರ್ಷ. ಆದರೆ ಅದರ ಹಿಂದಿದ್ದ ಇಕ್ಕಟ್ಟು ಇಂದಿಗೂ ಬಗೆಹರಿದಿಲ್ಲ.

ಈ ಇಕ್ಕಟ್ಟನ್ನು ನಾವು ಸಾಮಾನ್ಯವಾಗಿ ವಯಸ್ಸಿನ ಲೆಕ್ಕಕ್ಕೆ ಇಳಿಸಿಬಿಡುತ್ತೇವೆ. ಎಳೆಯ ಮನಸ್ಸು, ಇದನ್ನೆಲ್ಲ ಈಗಲೇ ಯಾಕೆ ಹೇಳಬೇಕು, ಸ್ವಲ್ಪ ದೊಡ್ಡದಾಗಲಿ ಎನ್ನುತ್ತೇವೆ. ಮಾತಿನಲ್ಲಿ ಅಂತಃಕರಣವಿದೆ, ನಿಜ. ಆದರೆ ಸುದ್ದಿ ಹಿರಿಯರ ಕೈಯಲ್ಲಿದೆ, ಅವರು ಬಾಯಿ ಬಿಡುವವರೆಗೆ ಮಗುವಿಗೆ ತಿಳಿಯುವುದಿಲ್ಲ ಎಂಬ ನಂಬಿಕೆಯೂ ಅದರೊಳಗೆ ಅಡಗಿದೆ. ಬಣ್ಣ, ಜಾತಿಗಳ ವಿಷಯದಲ್ಲಿ ಆ ನಂಬಿಕೆ ಹುಸಿ. ಹೇಳುವ ಕೆಲಸವನ್ನು ಲೋಕ ಮೊದಲೇ ಮುಗಿಸಿರುತ್ತದೆ. ಹಾಗಾಗಿ ಯಾವ ವಯಸ್ಸಿಗೆ ಹೇಳಬೇಕು ಎಂಬುದಕ್ಕಿಂತ, ತಿಳಿಯುವ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಮುಖ್ಯ. ಕಪ್ಪು ಲೇಖಕರು ಮಕ್ಕಳಿಗಾಗಿ ಬರೆದ ಒಳ್ಳೆಯ ಕಾದಂಬರಿಗಳೆಲ್ಲ ಮನೆಯ ಕತೆಗಳೂ ಆಗಿರುವುದಕ್ಕೆ ಇದೇ ಕಾರಣ.

ಮಿಲ್ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ಪ್ರಕಟವಾದದ್ದು 1976ರಲ್ಲಿ. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಬಂತು. ಕತೆ ನಡೆಯುವುದು 1933ರ ಮಿಸಿಸಿಪ್ಪಿಯಲ್ಲಿ. ಹೇಳುವವಳು ಒಂಬತ್ತು ವರ್ಷದ ಕ್ಯಾಸಿ ಲೋಗನ್. ಅವಳ ಆರು ವರ್ಷದ ತಮ್ಮನಿಗೆ ಶಾಲೆಯ ಮೊದಲ ದಿನವೇ ಪಠ್ಯಪುಸ್ತಕ ಸಿಗುತ್ತದೆ. ಪುಸ್ತಕ ಕೊಳಕಾಗಿದೆ. ಒಳರಕ್ಷಾಪುಟದಲ್ಲಿ ಒಂದು ಪಟ್ಟಿ: ಯಾವ ವರ್ಷ ಕೊಟ್ಟದ್ದು, ಪುಸ್ತಕದ ಸ್ಥಿತಿ ಹೇಗಿತ್ತು, ಪಡೆದ ವಿದ್ಯಾರ್ಥಿಯ ಜನಾಂಗ ಯಾವುದು. ಹನ್ನೊಂದು ಸಲ ಅದು ಬಿಳಿಯ ಮಕ್ಕಳ ಕೈಯಲ್ಲಿ ಸವೆದಿದೆ. ಹನ್ನೆರಡನೆಯ ಸಲ, ತೀರಾ ಹಾಳಾದ ಮೇಲೆ, ಕಪ್ಪು ಮಕ್ಕಳ ಶಾಲೆಗೆ ಬಂದಿದೆ. ಜನಾಂಗದ ಅಂಕಣದಲ್ಲಿ ಹೀಯಾಳಿಕೆಯ ಪದ ನಮೂದಾಗಿದೆ. ಶಾಲೆಗೆ ಸೇರುವ ಮುಂಚೆಯೇ ಓದಲು ಕಲಿತದ್ದು ಹುಡುಗನಿಗೆ ಮುಳುವಾಗುತ್ತದೆ. ಅವನು ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ, ಪೆಟ್ಟು ತಿನ್ನುತ್ತಾನೆ. ಆರು ವರ್ಷಕ್ಕೆ ಇದೆಲ್ಲ ಬೇಕೇ ಎಂದು ಆ ಪಟ್ಟಿ ಬರೆದವರು ಯೋಚಿಸಿರಲಿಲ್ಲ.

ಅದೇ ಶಾಲೆಯಲ್ಲಿ ಶಿಕ್ಷಕಿಯಾದ ತಾಯಿ ಮೇರಿ ಮಗನಿಗೆ ಉಪದೇಶ ಮಾಡುವುದಿಲ್ಲ. ಕಾಗದ ಕತ್ತರಿಸಿ, ಗೋಂದು ಹಚ್ಚಿ, ಆ ಪಟ್ಟಿಯ ಮೇಲೆ ಅಂಟಿಸುತ್ತಾಳೆ. ಇರುವುದನ್ನು ಇರುವ ಹಾಗೆಯೇ ಮಕ್ಕಳು ಕಲಿಯಬೇಕಲ್ಲ ಎಂದು ಸಹೋದ್ಯೋಗಿ ಎಚ್ಚರಿಸುತ್ತಾಳೆ. ಕಲಿಯಲಿ, ಆದರೆ ಒಪ್ಪಬೇಕಾಗಿಲ್ಲ ಎಂಬುದು ಮೇರಿಯ ನಿಲುವು. ಮುಂದೆ ಅವಳ ಕೆಲಸ ಹೋಗುವಾಗ ಈ ಅಂಟಿಸಿದ ಕಾಗದವೂ ಒಂದು ನೆಪವಾಗುತ್ತದೆ.

ಇನ್ನೊಂದು ಪ್ರಸಂಗದಲ್ಲಿ, ಪೇಟೆಯ ಬೀದಿಯಲ್ಲಿ ಕ್ಯಾಸಿ ಅರಿಯದೆ ಒಬ್ಬ ಬಿಳಿಯ ಹುಡುಗಿಗೆ ಡಿಕ್ಕಿ ಹೊಡೆಯುತ್ತಾಳೆ. ಆ ಹುಡುಗಿಯ ಅಪ್ಪ ಕ್ಯಾಸಿಯ ತೋಳು ತಿರುಚಿ ಬೀದಿಗೆ ದೂಡುತ್ತಾನೆ. ಅವಳ ಸ್ವಂತ ಅಜ್ಜಿಯೇ ಎಲ್ಲರೆದುರು ಕ್ಷಮೆ ಕೇಳಿಸುತ್ತಾಳೆ. ಕ್ಯಾಸಿಗೆ ಬಿಳಿಯರ ಕ್ರೌರ್ಯಕ್ಕಿಂತ ಅಜ್ಜಿ ಮಾಡಿದ್ದೇ ಹೆಚ್ಚು ಸುಡುತ್ತದೆ. ಅಜ್ಜಿ ಹಾಗೆ ಮಾಡಿದ್ದು ಮೊಮ್ಮಗಳನ್ನು ಉಳಿಸಿಕೊಳ್ಳಲು ಎಂದು ಮನೆಯಲ್ಲಿ ತಾಯಿ ಬಿಡಿಸಿ ಹೇಳುತ್ತಾಳೆ. ಕೆಲವನ್ನು ನುಂಗಿಕೊಳ್ಳಬಹುದು, ಕೆಲವಕ್ಕೆ ತಲೆಬಾಗಲಾಗದು, ಯಾವುದು ಯಾವುದೆಂದು ನೀನೇ ತೂಗಿ ನೋಡು ಎಂದು ತಂದೆ ಅವಳಿಗೇ ಬಿಡುತ್ತಾನೆ. ಮೂವರದು ಮೂರು ದಾರಿ. ಕ್ಯಾಸಿ ನಾಲ್ಕನೆಯದನ್ನು ಹುಡುಕಿಕೊಳ್ಳುತ್ತಾಳೆ: ವಾರಗಟ್ಟಲೆ ಆ ಹುಡುಗಿಯ ಪುಸ್ತಕ ಹೊತ್ತು, ನಯವಾಗಿ ಗುಟ್ಟುಗಳನ್ನೆಲ್ಲ ತಿಳಿದುಕೊಂಡು, ಒಂದು ದಿನ ಕಾಡಿನಲ್ಲಿ ನಾಲ್ಕು ಬಾರಿಸುತ್ತಾಳೆ. ಬಾಯಿಬಿಟ್ಟರೆ ಗುಟ್ಟು ರಟ್ಟಾಗುತ್ತದೆ ಎಂದು ಹೆದರಿಸಿ ಬಿಡುತ್ತಾಳೆ. ಅವಳು ದೊಡ್ಡವಳಾಗುವುದು ಇಲ್ಲಿ. ಅನ್ಯಾಯವಿದೆ ಎಂಬ ತಿಳಿವು ಮೊದಲೇ ಸಿಕ್ಕಿತ್ತು. ಅದರೆದುರು ಹೇಗೆ ನಿಲ್ಲಬೇಕೆಂಬ ಲೆಕ್ಕಾಚಾರ ಮನೆಯವರ ಭಿನ್ನಾಭಿಪ್ರಾಯಗಳ ನಡುವೆ ರೂಪುಗೊಂಡಿತು.

ಟೇಲರ್ ಕುಟುಂಬವನ್ನು ವೈಭವೀಕರಿಸುವುದಿಲ್ಲ ಎಂಬುದು ಅವರ ದೊಡ್ಡತನ. ಲೋಗನ್ ಮನೆಯ ಧೈರ್ಯದ ಕೆಳಗೆ ನಾನೂರು ಎಕರೆ ನೆಲವಿದೆ: ಇನ್ನೂರು 1887ರಲ್ಲಿ, ಇನ್ನೂರು 1918ರಲ್ಲಿ ಕೊಂಡದ್ದು. ಅದನ್ನು ಉಳಿಸಿಕೊಳ್ಳಲು ತಂದೆ ಊರು ಬಿಟ್ಟು ಲೂಸಿಯಾನದ ರೈಲ್ವೆಯಲ್ಲಿ ದುಡಿಯುತ್ತಾನೆ. ಸುತ್ತಲಿನ ಕಪ್ಪು ಕುಟುಂಬಗಳು ಬಿಳಿಯರ ಹೊಲದಲ್ಲಿ ಪಾಲಿಗೆ ಉಳುತ್ತ ಸಾಲದಲ್ಲಿ ಮುಳುಗಿವೆ. ಅಂಥ ಒಂದು ಮನೆಯ ಹುಡುಗ ಟಿ. ಜೆ. ಕೊನೆಯಲ್ಲಿ ಗುಂಪಿನ ಕೈಗೆ ಸಿಕ್ಕಿಬೀಳುತ್ತಾನೆ. ಕ್ಯಾಸಿಗೆ ಸಿಕ್ಕ ಆತ್ಮಗೌರವ ಅವನಿಗೆ ಯಾಕೆ ಸಿಗಲಿಲ್ಲ ಎಂದು ಕೇಳಿದರೆ ಉತ್ತರ ಪ್ರೀತಿಯ ಕೊರತೆಯಲ್ಲಿಲ್ಲ, ಜಮೀನಿನ ಪತ್ರದಲ್ಲಿದೆ. ಅವನ ಮೇಲೆ ಬಂದ ಗುಂಪನ್ನು ಬೇರೆಡೆ ಸೆಳೆಯಲು ಕ್ಯಾಸಿಯ ತಂದೆ ಬೆಂಕಿ ಇಡುವುದೂ ಅದೇ ನೆಲದ ಹತ್ತಿಗೆ. ಮಕ್ಕಳ ಪುಸ್ತಕವೊಂದು ಅರ್ಥಶಾಸ್ತ್ರವನ್ನು ಇಷ್ಟು ಸಲೀಸಾಗಿ ಹೇಳುವುದು ಅಪರೂಪ.

ಇದರ ಪಕ್ಕದಲ್ಲಿ ಹಾರ್ಪರ್ ಲೀ ಅವರ 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಇಟ್ಟು ನೋಡಬೇಕು. ಶಾಲೆಗಳಲ್ಲಿ ದಶಕಗಳಿಂದ ಪಾಠವಾಗಿರುವ ಕಾದಂಬರಿ ಅದು. ಸ್ಕೌಟ್ ಎಂಬ ಬಿಳಿಯ ಹುಡುಗಿಗೂ ಒಳ್ಳೆಯ ಮನೆ, ಒಳ್ಳೆಯ ತಂದೆ ಇದ್ದಾರೆ. ಆದರೆ ಅವಳು ಲೋಕವನ್ನು ಅರಿಯಲು ಟಾಮ್ ರಾಬಿನ್ಸನ್ ಎಂಬ ಕಪ್ಪು ಮನುಷ್ಯ ಸಾಯಬೇಕಾಗುತ್ತದೆ. ಟಾಮ್‌ಗೂ ಮಕ್ಕಳಿದ್ದಾರೆ. ಸಾವಿನ ಸುದ್ದಿ ಹೊತ್ತ ಅಟಿಕಸ್ ಜೊತೆ ಕತೆ ಅವನ ಮನೆಯಂಗಳದವರೆಗೆ ಹೋಗುತ್ತದೆ, ಹೆಂಡತಿ ಕುಸಿಯುವುದನ್ನು ಹೊರಗಿನಿಂದ ನೋಡಿ ಹಿಂದಿರುಗುತ್ತದೆ. ಆ ರಾತ್ರಿ ಆಕೆ ಮಕ್ಕಳಿಗೆ ಏನು ಹೇಳಿದಳು? ಲೀ ಬಿಟ್ಟ ಆ ಪ್ರಶ್ನೆಯಿಂದಲೇ ಟೇಲರ್ ಅವರಂಥವರ ಬರವಣಿಗೆ ಶುರುವಾಗುತ್ತದೆ.

ಇಲ್ಲೊಂದು ಬಲವಾದ ಆಕ್ಷೇಪಣೆ ಇದೆ. ಕಪ್ಪು ಮಕ್ಕಳಿಗೆ ಯಾವಾಗಲೂ ನೋವಿನ ಕತೆಯೇ ಯಾಕೆ? 1965ರಲ್ಲಿ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಹಿಂದಿನ ಮೂರು ವರ್ಷಗಳಲ್ಲಿ ಬಂದ 5,206 ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದಾಗ, ಕಪ್ಪು ಜನ ಒಬ್ಬರಾದರೂ ಕಾಣಿಸಿಕೊಂಡದ್ದು ಕೇವಲ 349ರಲ್ಲಿ. ಅಲ್ಲಿಂದ ಸಂಖ್ಯೆ ಸುಧಾರಿಸಿದರೂ, ಕಪ್ಪು ಪಾತ್ರಗಳು ಗುಲಾಮಗಿರಿ ಮತ್ತು ನಾಗರಿಕ ಹಕ್ಕುಗಳ ಕತೆಗಳಲ್ಲೇ ಕಟ್ಟಿಹಾಕಲ್ಪಟ್ಟಿವೆ. ಸಾಹಸ, ಕುತೂಹಲ, ಕನಸುಗಳ ಲೋಕಕ್ಕೆ ಕಾಲಿಡಲು ಅವಕ್ಕೆ ಪರವಾನಗಿ ಇಲ್ಲ ಎಂದು ಮಕ್ಕಳ ಪುಸ್ತಕಗಳ ಲೇಖಕ ಕ್ರಿಸ್ಟೋಫರ್ ಮೈಯರ್ಸ್ 2014ರಲ್ಲಿ ದೂರಿದರು. ದೂರು ನ್ಯಾಯವಾದದ್ದು. ಅವಮಾನಕ್ಕೊಳಗಾಗುವುದಕ್ಕೆಂದೇ ಪುಟಕ್ಕೆ ಬರುವ ಮಗು ಎರಡನೆಯ ಸಲ ಅವಮಾನಗೊಳ್ಳುತ್ತದೆ.

ಕ್ರಿಸ್ಟೋಫರ್ ಪಾಲ್ ಕರ್ಟಿಸ್ ಅವರ ಮೊದಲ ಕಾದಂಬರಿ, 1995ರ ‘ದ ವಾಟ್ಸನ್ಸ್ ಗೋ ಟು ಬರ್ಮಿಂಗ್‌ಹ್ಯಾಮ್’, ಈ ಆಕ್ಷೇಪಣೆಗೆ ಒಂದು ಉತ್ತರ. ಅದರ ಬಹುಭಾಗ ನಗುವೇ ತುಂಬಿದೆ. ಮಿಶಿಗನ್‌ನ ಫ್ಲಿಂಟ್ ಊರಿನ ಕೊರೆಯುವ ಚಳಿಯಲ್ಲಿ ಹದಿಮೂರರ ಬೈರನ್ ಕಾರಿನ ಕನ್ನಡಿಯಲ್ಲಿ ತನ್ನದೇ ಬಿಂಬಕ್ಕೆ ಮುತ್ತಿಟ್ಟು, ತುಟಿ ಅಂಟಿಕೊಂಡು ಒದ್ದಾಡುತ್ತಾನೆ. ಈ ಪುಂಡನನ್ನು ಅಜ್ಜಿಯ ಬಿಗಿಯಲ್ಲಿ ಬಿಟ್ಟುಬರಲು ಕುಟುಂಬ ದಕ್ಷಿಣದ ಬರ್ಮಿಂಗ್‌ಹ್ಯಾಮ್‌ಗೆ ಹೊರಡುತ್ತದೆ. ಅಲ್ಲಿ 1963ರ ಸೆಪ್ಟೆಂಬರ್ 15ರಂದು ಚರ್ಚಿನಲ್ಲಿ ಬಾಂಬ್ ಸಿಡಿಯುತ್ತದೆ. ನಾಲ್ವರು ಹುಡುಗಿಯರು ಸತ್ತ ಆ ದಾಳಿ ಇತಿಹಾಸದಲ್ಲಿ ನಡೆದದ್ದೇ. ಊರಿಗೆ ಮರಳಿದ ಹತ್ತು ವರ್ಷದ ಕೆನ್ನಿ ಸೋಫಾದ ಹಿಂದೆ ಅಡಗಿ ಕೂರುತ್ತಾನೆ. ಅವನನ್ನು ಮಾತಾಡಿಸಿ ಹೊರತರುವವನು ಅದೇ ಪುಂಡ ಅಣ್ಣ. ಇಷ್ಟು ಹೊತ್ತು ಓದುಗ ಆ ಮನೆಯ ಜೊತೆ ನಕ್ಕಿರುವುದರಿಂದಲೇ ಬಾಂಬಿನ ಸದ್ದು ಪಾಠವಾಗಿ ಕೇಳಿಸದೆ ಪೆಟ್ಟಾಗಿ ತಾಗುತ್ತದೆ. ಅಣ್ಣನ ಮಾತು ಚೇತರಿಕೆಯಾಗಿ ದಕ್ಕುತ್ತದೆ.

ಇನ್ನೊಂದು ಆಕ್ಷೇಪಣೆ ಬಿಳಿಯ ಪಾಲಕರದು: ಇವನ್ನೋದಿ ನಮ್ಮ ಮಕ್ಕಳು ತಪ್ಪಿತಸ್ಥರಂತೆ ಕುಗ್ಗುತ್ತಾರೆ. 2021ರಲ್ಲಿ ಟೆಕ್ಸಸ್‌ನ ಕೇಟಿ ಶಾಲಾ ಜಿಲ್ಲೆ ಇಂಥ ದೂರಿನ ಮೇಲೆ ಜೆರ್ರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’ ಪುಸ್ತಕವನ್ನು ಗ್ರಂಥಾಲಯದಿಂದ ತೆಗೆಸಿ, ಪರಿಶೀಲನೆಯ ಬಳಿಕ ಮರಳಿ ಇಟ್ಟಿತು. ಚಿತ್ರಕಾದಂಬರಿಯೊಂದಕ್ಕೆ ಮೊದಲ ಬಾರಿ ನ್ಯೂಬೆರಿ ತಂದುಕೊಟ್ಟ ಆ ಪುಸ್ತಕದಲ್ಲಿ ಬಾಂಬಿಲ್ಲ, ಕೊಲೆಯಿಲ್ಲ. ಶ್ರೀಮಂತರ ಶಾಲೆಯಲ್ಲಿ ಕಪ್ಪು ಹುಡುಗರ ಹೆಸರುಗಳನ್ನು ಅದಲುಬದಲು ಮಾಡುವ ಶಿಕ್ಷಕರಿದ್ದಾರೆ, ಮಗನನ್ನು ಅಲ್ಲಿಗೆ ಕಳಿಸಿದ್ದು ಸರಿಯೇ ಎಂದು ಚರ್ಚಿಸುವ ಅಪ್ಪ ಅಮ್ಮ ಇದ್ದಾರೆ. ಅದನ್ನೋದುವ ಬಿಳಿಯ ಮಗು ಸುಲಭವಾಗಿ ಆ ಹುಡುಗನ ಕಡೆಗೇ ನಿಲ್ಲಬಲ್ಲದು. ಕತೆಯ ಗುಣವೇ ಅದು. ಕಸಿವಿಸಿಯಾಗುವುದು, ಓದಿ ಮುಗಿಸಿದ ಮಗುವಿನ ಪ್ರಶ್ನೆಗಳನ್ನು ಎದುರಿಸಬೇಕಾದ ದೊಡ್ಡವರಿಗೆ.

ಈ ಕೊನೆಯ ಮಾತು ನಮ್ಮಲ್ಲಿಗೂ ಸಲ್ಲುತ್ತದೆ. ಜಾತಿಯೂ ಬಣ್ಣವೂ ಒಂದೇ ಅಲ್ಲ. ಆದರೂ 1946ರಲ್ಲಿ ಅಂಬೇಡ್ಕರ್ ಅದೇ ಡುಬಾಯ್ಸ್ ಅವರಿಗೆ ಪತ್ರ ಬರೆದು ಎರಡು ಸ್ಥಿತಿಗಳ ಹೋಲಿಕೆಯನ್ನು ಗುರುತಿಸಿದ್ದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರು 1901ರ ತಮ್ಮ ಬಾಲ್ಯದ ಒಂದು ಪ್ರಯಾಣವನ್ನು ನೆನೆಯುತ್ತಾರೆ. ತಂದೆಯನ್ನು ನೋಡಲು ಹೊರಟ ಮಕ್ಕಳು ರೈಲಿಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ದುಪ್ಪಟ್ಟು ಬಾಡಿಗೆ ಪಡೆದ ಗಾಡಿಯವನು ಎತ್ತು ಹೊಡೆಯುವ ಕೆಲಸವನ್ನೂ ಅವರಿಗೇ ಬಿಟ್ಟ. ಬುತ್ತಿ ಇದ್ದೂ ನೀರಿಲ್ಲದೆ ರಾತ್ರಿ ಕಳೆಯಿತು. ತಾನು ಅಸ್ಪೃಶ್ಯನೆಂದು ಆ ಹುಡುಗನಿಗೆ ಶಾಲೆಯಲ್ಲೇ ಗೊತ್ತಿತ್ತು. ಅದು ಅವನನ್ನು ಅಲುಗಿಸಿದ್ದು ಹಿರಿಯರಿಲ್ಲದ ಆ ರಾತ್ರಿ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ತಂದೆ ನೊಗಕ್ಕೆ ಹೆಗಲು ಕೊಟ್ಟದ್ದನ್ನು ಕಂಡ ಹುಡುಗನಿದ್ದಾನೆ, ಅವನನ್ನು ಬದುಕಿಸುವ ಕೇರಿಯ ನಗೆಯೂ ಇದೆ. ಇವು ದೊಡ್ಡವರ ಕಪಾಟಿನ ಆತ್ಮಕಥನಗಳು. ಇಂಥ ಬಾಲ್ಯಗಳು ಒಂಬತ್ತು ವರ್ಷದ ಓದುಗರಿಗೆಂದೇ ಕಾದಂಬರಿಗಳಾಗಿ ಇನ್ನಷ್ಟು ಬರಬೇಕು.

ಕೇರಿಯ ಮಗುವಿಗೆ ಅಂಥ ಪುಸ್ತಕ ಹೊಸ ಸುದ್ದಿ ತರುವುದಿಲ್ಲ, ಜೊತೆ ಕೊಡುತ್ತದೆ. ಪ್ರತ್ಯೇಕ ಲೋಟ ಇಟ್ಟ ಮನೆಯ ಮಗುವಿಗೆ ಅದು ಸುದ್ದಿಯೇ. ಅಲ್ಲಿ ಹಿರಿಯರು ಬಾಯಿ ಬಿಡುವುದೆಂದರೆ ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳಿದಂತೆ. ಮಗು ಇನ್ನೂ ಚಿಕ್ಕದು ಎನ್ನುವ ಮುಂಚೆ, ನಾವು ಕಾಪಾಡುತ್ತಿರುವುದು ಮಗುವನ್ನೋ ನಮ್ಮನ್ನೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.