‘ಗ್ರೀನ್’ ಎಂಬ ಗುಣವಾಚಕ ಮತ್ತು ಕೇಣಿಯ ಕಡಲು

ಇಂಗ್ಲಿಷಿನ ‘ಗ್ರೀನ್’ ಎಂಬ ಗುಣವಾಚಕವು ಅಂಕೋಲೆಯ ಕಡಲತೀರಕ್ಕೂ ಬಂದಿದೆ. 2023ರ ನವೆಂಬರಿನಲ್ಲಿ ಕರ್ನಾಟಕ ಜಲಸಾರಿಗೆ ಮಂಡಳಿಯು ಕೇಣಿಯಲ್ಲಿ ಸರ್ವಋತು ಬಂದರು ನಿರ್ಮಿಸಲು ಖಾಸಗಿ ಕಂಪನಿಯೊಂದಕ್ಕೆ ಒಪ್ಪಿಗೆಪತ್ರ ನೀಡಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಆರಂಭಿಕ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಯೋಜನೆಗೆ ಇಟ್ಟ ಹೆಸರು ‘ಗ್ರೀನ್‌ಫೀಲ್ಡ್ ಬಂದರು’. ಇದನ್ನು ಕೇಳಿದವರಿಗೆ ಗದ್ದೆಬಯಲು ನೆನಪಾದರೆ ತಪ್ಪು ಅವರದಲ್ಲ.

ಪದದ ಹುಟ್ಟು ನಿಷ್ಕಳಂಕವಾದುದೇ. ಬೆಳೆಯುವುದನ್ನು ಹೇಳುವ ‘ಗ್ರೋ’, ಹುಲ್ಲನ್ನು ಹೇಳುವ ‘ಗ್ರಾಸ್’, ಬಣ್ಣವನ್ನು ಹೇಳುವ ‘ಗ್ರೀನ್’ ಮೂರೂ ಒಂದೇ ಬೇರಿನ ಚಿಗುರುಗಳು. ಮೂಲಾರ್ಥದಲ್ಲಿ ಗ್ರೀನ್ ಎಂದರೆ ಬೆಳೆಯುತ್ತಿರುವುದು, ಜೀವವುಳ್ಳದ್ದು. ನಮ್ಮ ‘ಹಸಿರು’ ಕೂಡ ಹಾಗೆಯೇ; ಹಳಗನ್ನಡದ ‘ಪಸುರ್’ ಮತ್ತು ‘ಪಸಿ’ ಒಂದೇ ಕುಲದವು. ಹಸಿ ಮೀನು, ಹಸಿ ಕಟ್ಟಿಗೆ, ಹಸಿ ಗಾಯ ಎಲ್ಲವೂ ಅದರ ಬಳಗ. ಒಣಗದ ಮರವನ್ನೂ ಅನುಭವವಿಲ್ಲದ ಕೆಲಸಗಾರನನ್ನೂ ಇಂಗ್ಲಿಷಿನವರು ‘ಗ್ರೀನ್’ ಎನ್ನುತ್ತಾರೆ. ಹಸಿ ಸುಳ್ಳು ಎಂಬ ಮಾತು ಮಾತ್ರ ಕನ್ನಡದ್ದೇ ಇರಬೇಕು.

ಯೋಜನಾಕಾರರ ಪರಿಭಾಷೆಯಲ್ಲಿ ‘ಗ್ರೀನ್‌ಫೀಲ್ಡ್’ ಎಂದರೆ ಹಿಂದೆ ಯಾವ ಕಟ್ಟಡವೂ ಇರದ ತಾಣ. ಅಲ್ಲಿ ಹಸಿರಿನ ಪ್ರಶ್ನೆಯೇ ಇಲ್ಲ. ಇರುವುದು ಶೂನ್ಯದ ಘೋಷಣೆ. ಕಾಂಕ್ರೀಟ್ ಕಾಣದ ಕಡೆ ಏನೂ ಇಲ್ಲವೆಂದು ತೀರ್ಮಾನಿಸುವುದು ಈ ಪದದ ಅಸಲು ಕೆಲಸ. ದೋಣಿ ಎಳೆದಿಡುವ ಮರಳು, ಬಲೆ ಹರಡುವ ಜಾಗ, ಹೆಂಗಸರು ಮೀನು ಒಣಗಿಸುವ ದಂಡೆ, ಇವು ಯಾವುವೂ ಕಟ್ಟಡಗಳಲ್ಲ. ಆದ್ದರಿಂದ ಲೆಕ್ಕಕ್ಕಿಲ್ಲ. 2025ರಲ್ಲಿ ಕೇಣಿಯ ಮೀನುಗಾರರು ಬೀದಿಗಿಳಿದದ್ದು ಈ ಲೆಕ್ಕದ ವಿರುದ್ಧವೇ.

ಪಕ್ಕದ ಬೇಲೆಕೇರಿಯ ಅನುಭವ ಜನರ ಮುಂದಿದೆ. ಜಪ್ತಿಯಾದ ಲಕ್ಷಾಂತರ ಟನ್ ಕಬ್ಬಿಣದ ಅದಿರು 2010ರಲ್ಲಿ ಅಲ್ಲಿನ ಬಂದರಿನಿಂದಲೇ ಮಾಯವಾಯಿತು. ಕಾರವಾರದಲ್ಲಿ 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಗಾಗಿ ಟಾಗೋರ್ ಕಡಲತೀರಕ್ಕೆ ಕೈಯಿಟ್ಟಾಗ ಊರಿಗೆ ಊರೇ ಎದ್ದು ನಿಂತಿತು. ಹೈಕೋರ್ಟಿನ ತಡೆಯಾಜ್ಞೆಯೂ ಬಂತು. ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟವರಿಗೆ ಇದೆಲ್ಲ ಹೊಸತಲ್ಲ.

ಹೋಟೆಲುಗಳು ಟವೆಲ್ ಒಗೆಯುವ ಖರ್ಚು ಉಳಿಸಿ ಭೂಮಿಯನ್ನು ಉಳಿಸಿದೆವೆನ್ನುವ ಸೋಗನ್ನು 1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕನ್ನನು ‘ಗ್ರೀನ್‌ವಾಶ್’ ಎಂದು ಕರೆದನು. ಕೇಣಿಯಲ್ಲಿ ಅಷ್ಟು ಶ್ರಮವೂ ಬೇಕಾಗಿಲ್ಲ, ಬಣ್ಣವು ಹೆಸರಿನಲ್ಲಿಯೇ ಸೇರಿದೆ. ಯೋಜನೆಯ ಎಲ್ಲ ಕನ್ನಡ ಕಾಗದಪತ್ರಗಳಿಂದ ಆ ಪದವನ್ನು ಮೊದಲು ತೆಗೆಯಲಿ. ಅದರ ಜಾಗದಲ್ಲಿ ಈ ದಂಡೆಯಿಂದ ಅನ್ನ ಕಾಣುವ ಮನೆಗಳ ಸಂಖ್ಯೆಯನ್ನು, ಎಣಿಸಿದ ಮೇಲೆ, ಬರೆಯಲಿ.